ತೋಳದ ಹಿಂದಿನ ಕೆಂಪು ಕಲೆ

ಹೋದ ವಾರ ನನ್ನ ಅಂಗಡಿಗೆ ಒಬ್ಬರು ಬಂದು ತೋಳಕ್ಕೆ ಹಾಕಲು ನಿದ್ದೆ ಮಾತ್ರೆ ಕೇಳಿದರು.

ತಮಾಷೆ ಮಾಡುತ್ತಿಲ್ಲ. ಸಿಂದಗಿಯಲ್ಲಿ ನಾನು ಮೆಡಿಕಲ್ ಶಾಪ್ ಇಟ್ಟುಕೊಂಡಿರುವುದು ನಿಮಗೆ ಗೊತ್ತೇ ಇದೆ. ಎಮ್ಮೆಗೆ ಜ್ವರದ ಮಾತ್ರೆ ಕೇಳಿದವರನ್ನು ನೋಡಿದ್ದೇನೆ. ಗಂಡನ ಸಿಟ್ಟು ಇಳಿಸುವ ಟಾನಿಕ್ ಕೇಳಿದವರನ್ನೂ ನೋಡಿದ್ದೇನೆ. (ಅಂಥದ್ದೊಂದು ಬಂದರೆ ಮೊದಲ ಬಾಟಲಿ ಮಾರಾಟಕ್ಕಿಲ್ಲ.) ತೋಳದ ಪರವಾಗಿ ಬಂದವರು ಮಾತ್ರ ಇವರೇ ಮೊದಲು.

ಬಂದವರು ಯಂಕಂಚಿಯ ರಾಜೇಸಾಬ್. ನನ್ನ ಹಳೆಯ ಗಿರಾಕಿ. ತಿಂಗಳಿಗೊಮ್ಮೆ ತಾಯಿಯ ಬಿಪಿ ಮಾತ್ರೆಗೆ ಬರುತ್ತಾರೆ. ಹಳ್ಳದ ದಂಡೆಗೆ ಹೊಲ, ಮನೆಯಲ್ಲಿ ಒಂದಿಷ್ಟು ಆಡು. ಮಾತು ಕಡಿಮೆ. ಬಹುಶಃ ಅದಕ್ಕೇ ಊರಲ್ಲಿ ಅವರ ಮಾತಿಗೆ ತೂಕ ಹೆಚ್ಚು.

"ಅಕ್ಕಾರ, ಗುಳಗಿ ಜರಾ ಜಾಸ್ತೀನ ಬೇಕ್ರಿ" ಎಂದರು. ಮಾಂಸದ ತುಂಡಿನಲ್ಲಿ ಬೆರೆಸಿ ಹಳ್ಳದ ಜಾಲಿ ಕಂಟಿಯ ಪೊದೆಯಲ್ಲಿ ಇಡುವುದಂತೆ. ತೋಳ ತಿಂದು ಮಲಗಿದರೆ ಉಳಿದದ್ದನ್ನು ಊರವರು ನೋಡಿಕೊಳ್ಳುತ್ತಾರಂತೆ.

ಯಾವ ತೋಳ ಎಂದು ಕೇಳಿದೆ. ರಾಜೇಸಾಬ್ ಅಂಗಿಯ ಕಿಸೆಯಿಂದ ಪೇಪರಿನ ತುಣುಕೊಂದನ್ನು ತೆಗೆದು ಕೌಂಟರಿನ ಮೇಲೆ ಬಿಡಿಸಿದರು. ಬಣ್ಣದ ಫೋಟೊ. ತೋಳವೊಂದು ಮುಂದಿನ ಕಾಲು ಎತ್ತಿ, ನೇರ ನಮ್ಮನ್ನೇ ನೋಡುತ್ತ ನಿಂತಿದೆ. ಅದರ ಹಿಂದೆ ಎಲ್ಲವೂ ಮಸುಕು. ಆ ಮಸುಕಿನ ನಡುವೆ ಒಂದು ಕೆಂಪು ಕಲೆ.

ರಾಜೇಸಾಬ್ ಆ ಕಲೆಯ ಮೇಲೆ ಬೆರಳಿಟ್ಟರು. "ರಗತ. ಯಾರದೋ ಕುರಿ ಹೊಡದೈತಿ. ಮತ್ತ ಹಿಂದ ಕಾಣ್ತೈತಲ್ರಿ, ಅದು ನನ್ನ ಹೊಲ."

ನಾನು ತುಣುಕನ್ನು ಹತ್ತಿರ ಎಳೆದುಕೊಂಡೆ. ಫೋಟೊದ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಹೆಸರು ನಮ್ಮ ಯಜಮಾನರದು.

ನಮ್ಮವರ ಬಗ್ಗೆ ಸ್ವಲ್ಪ ಹೇಳಬೇಕು. ಬೀಜದ ಕಂಪನಿಯೊಂದರ ಪ್ರತಿನಿಧಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕು ಬೈಕ್ ಮೇಲೆ ತಿರುಗುವುದೇ ಕೆಲಸ. ಮೊದಲು ಕಿಸೆಯಲ್ಲಿ ಬೀಜದ ಸ್ಯಾಂಪಲ್ ಇರುತ್ತಿತ್ತು. ಎರಡು ವರ್ಷದಿಂದ ಹೆಗಲಿಗೆ ಡಿಜಿಟಲ್ ಕ್ಯಾಮೆರಾ ಬಂದಿದೆ. ರೀಲು ತೊಳೆಸುವ ಖರ್ಚಿಲ್ಲ ಎಂಬುದು ಅವರ ವಾದ. ಖರ್ಚಿಲ್ಲದ್ದರಿಂದ ನೋಡಿದ್ದನ್ನೆಲ್ಲ ತೆಗೆಯುತ್ತಾರೆ. ಕೃಷ್ಣಮೃಗ, ನರಿ, ಗೂಬೆ, ಹಾವು. ಒಮ್ಮೆಯೂ ನನ್ನದು ಮಾತ್ರ ತೆಗೆದಿಲ್ಲ. (ನಾನು ಅಲುಗಾಡುತ್ತೇನಂತೆ. ಜಿಂಕೆ ಅಲುಗಾಡುವುದಿಲ್ಲವೇ?)

ಮನೆಗೆ ಬಂದ ಮೇಲೆ ಕಂಪ್ಯೂಟರ್ ಮುಂದೆ ಕೂತು ಫೋಟೊ ತಿದ್ದುವುದು ಇನ್ನೊಂದು ಹುಚ್ಚು. ಮೌಸ್ ಹಿಡಿದು ಪ್ರಾಣಿಯ ಸುತ್ತ ಗೆರೆ ಎಳೆಯುತ್ತಾರೆ. ಕಿವಿ, ಬೆನ್ನು, ಬಾಲ. ನಡುವೆ ಕರೆಂಟ್ ಹೋದರೆ ಯುಪಿಎಸ್ ಅರಚುತ್ತದೆ, ಇವರೂ ಅರಚುತ್ತಾರೆ. ಗೆರೆ ಮುಗಿದ ಮೇಲೆ ಪ್ರಾಣಿಯನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬ್ಲರ್. ಒಂದು ಸಣ್ಣ ಗುಂಡಿಯನ್ನು ಬಲಕ್ಕೆ ಎಳೆದರೆ ಸಾಕು, ಹಿಂದಿನ ಗುಡ್ಡ ಬೆಣ್ಣೆಯಂತೆ ಕರಗುತ್ತದೆ. ಪ್ರಾಣಿ ಎದ್ದು ಕಾಣುತ್ತದೆ. ನೋಡಿದವರು "ಏನ್ ಫೋಟೊರೀ ಇದು" ಎನ್ನುತ್ತಾರೆ.

ತೋಳದ ಫೋಟೊ ಜಿಲ್ಲೆಯ ಪತ್ರಿಕೆಯೊಂದರಲ್ಲಿ ಬಂದಿತ್ತು. (ಈ ಪತ್ರಿಕೆಯಲ್ಲ. ಸಂಪಾದಕರು ಗಾಬರಿಯಾಗಬಾರದು.) "ನಮ್ಮ ಸೀಮೆಯಲ್ಲಿ ತೋಳ" ಎಂದು ದಪ್ಪ ಅಕ್ಷರದ ತಲೆಬರಹ. ಎಲ್ಲಿ, ಯಾವ ಊರು, ಒಂದು ಅಕ್ಷರವೂ ಇಲ್ಲ. ನನಗೂ ಹೇಳಿರಲಿಲ್ಲ.

ಹಾಗಾಗಿ "ಅದು ನಮ್ಮವರು ತೆಗೆದದ್ದು, ನಿಮ್ಮ ಊರಿಂದು ಇರಲಿಕ್ಕಿಲ್ಲ" ಎಂದು ನಾನು ರಾಜೇಸಾಬರಿಗೆ ಹೇಳಿದಾಗ ಅವರು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು.

"ಹಂಗಾರ ಎಲ್ಲೀದ್ರಿ?"

ಗೊತ್ತಿಲ್ಲ ಎಂದೆ. ರಾಜೇಸಾಬ್ ನನ್ನ ಮುಖ ನೋಡಿದರು. ಗಂಡ ತೆಗೆದ ಫೋಟೊ ಎಲ್ಲಿಯದೆಂದು ಹೆಂಡತಿಗೆ ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಮಾತ್ರೆ ಕೊಡಲು ಬರುವುದಿಲ್ಲ, ಡಾಕ್ಟರ್ ಚೀಟಿ ಬೇಕು, ಅದೂ ಮನುಷ್ಯರಿಗೆ ಬರೆದಿದ್ದು ಎಂದು ತಿಳಿಸಿದೆ. ನಾಳೆ ನಾವೇ ಯಂಕಂಚಿಗೆ ಬರುತ್ತೇವೆ, ಅಲ್ಲಿಯವರೆಗೆ ಏನೂ ಇಡಬೇಡಿ ಎಂದು ಕೇಳಿಕೊಂಡೆ.

"ನಾ ಹೇಳಿ ನೋಡ್ತೇನಿ" ಎಂದು ಅವರು ತಾಯಿಯ ಮಾತ್ರೆ ಅಷ್ಟೇ ತೆಗೆದುಕೊಂಡು ಹೋದರು. ಬೀದಿಯ ಆ ಕಡೆ ಗೊಬ್ಬರದ ಅಂಗಡಿ ಇದೆ. ಅಲ್ಲಿ ಬೆಳೆಗೆ ಹೊಡೆಯುವ ವಿಷಕ್ಕೆ ಯಾರೂ ಚೀಟಿ ಕೇಳುವುದಿಲ್ಲ. ಅವರು ಆ ಕಡೆ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದದ್ದನ್ನು ಕಂಡು ನನಗೆ ತುಸು ಸಮಾಧಾನವಾಯಿತು.

ಆಮೇಲೆ ಕಿವಿ ತೆರೆದುಕೊಂಡು ಕೂತೆ. ಗಿರಾಕಿಗಳ ಬಾಯಲ್ಲೆಲ್ಲ ತೋಳ. ದೇವಣಗಾಂವದವರೊಬ್ಬರು ಆ ಮಸುಕು ಭೀಮಾ ನದಿಯ ದಂಡೆ ಎಂದರು. ಇಂಡಿಯಿಂದ ಬಂದಿದ್ದ ಬೀಗರೊಬ್ಬರು ಎಡಮೂಲೆಯ ಹಸಿರು ತಮ್ಮ ನಿಂಬೆ ತೋಟವಂತೂ ಹೌದೇ ಹೌದು ಎಂದರು. ಮುದ್ದೇಬಿಹಾಳದ ಕಡೆಯೂ ಸಂಜೆಯಾದ ಮೇಲೆ ಹೊಲಕ್ಕೆ ನೀರು ಬಿಡಲು ಒಬ್ಬರೇ ಹೋಗುತ್ತಿಲ್ಲವಂತೆ. ಸ್ಪಷ್ಟವಾದ ಫೋಟೊದಲ್ಲಿ ಒಂದು ಊರು ಕಾಣುತ್ತದೆ. ಮಸುಕಿನಲ್ಲಿ ಎಲ್ಲರಿಗೂ ತಮ್ಮ ತಮ್ಮ ಹೊಲವೇ ಕಂಡಿತು. ತೋಳ ಒಂದು, ಊರು ನೂರು.

ಇನ್ನೊಂದು ಮಾತು. ಅದು ಕರುವಿನಷ್ಟು ದೊಡ್ಡದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಫೋಟೊ ಮತ್ತೆ ನೋಡಿದೆ. ಹೌದು, ಹಾಗೇ ಕಾಣುತ್ತಿತ್ತು. ಅಳತೆಗೆ ಪಕ್ಕದಲ್ಲಿ ಒಂದು ಕಲ್ಲಿಲ್ಲ, ಗಿಡವಿಲ್ಲ. ಕಾಲ ಕೆಳಗಿನ ನೆಲವನ್ನೂ ನಮ್ಮವರು ಮಬ್ಬು ಮಾಡಿದ್ದರು. ಬೆನ್ನಿನ ಕೂದಲ ಅಂಚು ಕತ್ತರಿಸಿ ಅಂಟಿಸಿದಂತಿತ್ತು. ತೋಳ ನೆಲದ ಮೇಲೆ ನಿಂತಂತಿರಲಿಲ್ಲ. ಎಲ್ಲಿಂದಲೋ ಇಳಿದು ಬಂದಂತಿತ್ತು.

ಸಂಜೆ ನಮ್ಮವರು ಬಾಗೇವಾಡಿಯಿಂದ ಬಂದರು. ಬೂಟು ಬಿಚ್ಚುವ ಮೊದಲೇ ಎಲ್ಲ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಕಂಪ್ಯೂಟರ್ ಆನ್ ಮಾಡಿ ಮೂಲ ಫೋಟೊ ತೆಗೆದರು. ನಾನು ಅದನ್ನು ಮೊದಲ ಸಲ ನೋಡಿದೆ.

ಮುಂದೆ ಅದೇ ತೋಳ. ಅದರ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಬನ್ನಿ ಗಿಡದ ನೆರಳಿಗೆ ಕುರಿ ಕಾಯುವವನೊಬ್ಬ ಕಂಬಳಿ ಹಾಸಿ ಕೂತಿದ್ದಾನೆ. ತಲೆಗೆ ಕೆಂಪು ರುಮಾಲು. ಕೈಯಲ್ಲಿ ರೊಟ್ಟಿ. ಆಚೆ ಕುರಿಗಳು ತಲೆ ತಗ್ಗಿಸಿ ಮೇಯುತ್ತಿವೆ. ಪಕ್ಕದಲ್ಲಿ ಎರಡು ನಾಯಿ, ಒಂದು ಮಲಗಿದೆ, ಒಂದು ತಲೆ ಎತ್ತಿ ತೋಳವನ್ನು ನೋಡುತ್ತಿದೆ, ಎದ್ದಿಲ್ಲ. ಎತ್ತರದಲ್ಲಿ ತೋಳಕ್ಕೂ ನಾಯಿಗೂ ಅಂಥ ವ್ಯತ್ಯಾಸವಿಲ್ಲ. ಬಹಳ ಹಿಂದೆ, ದಿನ್ನೆಯ ಮೇಲೆ, ಮುರಿದ ಬುರುಜು.

ರಕ್ತ ಎಂದು ನಾಲ್ಕು ತಾಲ್ಲೂಕು ಹೆದರಿದ್ದು ಆ ರುಮಾಲಿಗೆ.

ಕುರಿಯವನ ಜೊತೆ ಇವರು ಆವತ್ತು ಮಾತಾಡಿದ್ದರಂತೆ. ತೋಳ ಆ ಕಡೆ ಆಗಾಗ ಹಾಯ್ದು ಹೋಗುತ್ತದೆ, ಯಾವಾಗಲಾದರೂ ಒಂದು ಮರಿ ಒಯ್ದದ್ದೂ ಉಂಟು, ಅದಕ್ಕೇ ನಾಯಿ ಸಾಕಿದ್ದು ಎಂದನಂತೆ. ಮರಿ ಹೋದ ದಿನ ಬೈಯುತ್ತೇನೆ, ಉಳಿದ ದಿನ ಉಣ್ಣುತ್ತೇನೆ ಎಂದನಂತೆ. ಬುರುಜಿನ ಬುಡದಲ್ಲಿ ತೋಳದ ಗವಿ ಇದೆ. ಮರಿಗಳಿವೆ. ಬುರುಜು ಕಂಡರೆ ಸಾಕು, ಬಾಗೇವಾಡಿ ಕಡೆಯ ಯಾರು ಬೇಕಾದರೂ ಊರಿನ ಹೆಸರು ಹೇಳುತ್ತಾರೆ. ಅದಕ್ಕೇ ಬ್ಲರ್ ಮಾಡಿದೆ ಎಂದರು ನಮ್ಮವರು. ಅಂದವೂ ಆಗುತ್ತದೆ, ಜಾಗವೂ ಮುಚ್ಚುತ್ತದೆ ಎಂಬ ಲೆಕ್ಕ.

ಲೆಕ್ಕ ತಪ್ಪೇನಲ್ಲ. ಆದರೆ ಮುಚ್ಚಬೇಕಾಗಿದ್ದು ಬುರುಜೊಂದೇ. ಅದರ ಜೊತೆ ಕುರಿಯವ ಹೋದ, ನಾಯಿ ಹೋದವು, ರೊಟ್ಟಿ ಹೋಯಿತು. ಉಳಿದದ್ದು ಒಂಟಿ ತೋಳ ಮತ್ತು ಒಂದು ಕೆಂಪು ಕಲೆ.

ಮೂಲ ಫೋಟೊವನ್ನೇ ಯಂಕಂಚಿಯಲ್ಲಿ ತೋರಿಸಿಬಿಡೋಣ ಎಂದೆ. ಅವರು ಒಪ್ಪಲಿಲ್ಲ.

"ಇವತ್ತ ತೋರಿಸಿದ್ರ ನಾಳಿಗೆ ಯಾರರೆ ಹೋಗಿ ಗವಿಗೆ ಹೊಗಿ ಹಾಕ್ತಾರ."

"ತೋರಸಲಿಲ್ಲಂದ್ರ ಯಂಕಂಚಿ ಹಳ್ಳದಾಗ ವಿಷ ಇಡ್ತಾರ್ರಿ. ಅಲ್ಲಿ ಆಡು ಅದಾವ, ನಾಯಿ ಅದಾವ, ಮಂದಿ ಅದಾರ."

ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ಎರಡೂ ಮಾತು ಸರಿಯಿದ್ದಾಗ ಮನೆಯಲ್ಲಿ ಆಗುವುದು ಅದೇ ಅಲ್ಲವೇ?

ಕೊನೆಗೆ ಅವರು ಮೂಲ ಫೋಟೊ ಇಟ್ಟುಕೊಂಡು ಹೊಸದಾಗಿ ತಿದ್ದಲು ಕೂತರು. ಈ ಸಲ ಗೆರೆ ತೋಳದ ಸುತ್ತ ಅಲ್ಲ, ದಿನ್ನೆಯ ಸುತ್ತ. ತೋಳದ ಕಾಲ ಕೆಳಗಿನ ನೆಲ ಹಾಗೇ ಬಿಟ್ಟರು, ಹುಲ್ಲಿನ ಎಳೆ ಎಳೆಯೂ ಕಾಣುವಂತೆ. ಕುರಿಯವನನ್ನು ಮುಟ್ಟಲಿಲ್ಲ, ಅವನ ಮುಖವನ್ನು ಮಾತ್ರ ನೆರಳಿನಲ್ಲಿ ಇನ್ನಷ್ಟು ಕಪ್ಪಾಗಿಸಿದರು. ಅಲ್ಲಿಂದ ಹಿಂದಕ್ಕೆ ಹೋದಂತೆ ಸ್ವಲ್ಪ ಸ್ವಲ್ಪವೇ ಮಬ್ಬು, ನಮ್ಮ ಕಣ್ಣಿಗೆ ದೂರದ್ದು ಹೇಗೆ ಕಾಣುತ್ತದೋ ಹಾಗೆ. ಬುರುಜು ಇದ್ದ ಕಡೆ ಪೂರ್ತಿ ಕರಗಿಸಿದರು. ಮಾಡಿದ್ದು ಗೊತ್ತೇ ಆಗುವುದಿಲ್ಲ ಎಂದು ನನಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಸ್ಟುಡಿಯೊದಲ್ಲಿ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅಂಗಡಿಯ ಬಾಗಿಲು ಎಳೆದು, ಇಬ್ಬರೂ ಬೈಕ್ ಮೇಲೆ ಯಂಕಂಚಿಗೆ ಹೋದೆವು.

ತಡವಾಗಿತ್ತು.

ರಾಜೇಸಾಬ್ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಕೈಗೆ ಮಣ್ಣು ಮೆತ್ತಿತ್ತು. ಹಿಂದಿನ ದಿನ ಅವರು ಊರಿಗೆ ಬಂದು ಹೇಳಿ ನೋಡಿದ್ದಾರೆ. ಅಷ್ಟರಲ್ಲಿ ಪಂಚಾಯಿತಿ ಮೆಂಬರ್ ಗುರುಲಿಂಗಪ್ಪನವರ ಕಡೆಯವರು ಗೊಬ್ಬರದ ಅಂಗಡಿಯ ವಿಷವನ್ನೇ ಮಾಂಸಕ್ಕೆ ಸವರಿ ಕಂಟಿಯಲ್ಲಿ ಇಟ್ಟಾಗಿತ್ತು, ಇವರಿಗೆ ತಿಳಿಸಿರಲಿಲ್ಲ. ಬೆಳಿಗ್ಗೆ ಆಡುಗಳ ಜೊತೆ ಹೋದ ರಾಜೇಸಾಬರ ನಾಯಿ ಮೋತಿ ಅದರಲ್ಲೊಂದು ತುಂಡು ತಿಂದಿತು. ಮನೆಯವರೆಗೆ ಬರಲಿಲ್ಲ. ಅದನ್ನು ಹೂಳಿ ಈಗಷ್ಟೇ ಬಂದು ಕೂತಿದ್ದರು.

ಇದನ್ನೆಲ್ಲ ಅವರು ಬೀಜದ ಬೆಲೆ ಹೇಳುವಂತೆ ಹೇಳಿದರು. ದನಿ ಏರಲಿಲ್ಲ. ಆದರೆ ಹೇಳುವಷ್ಟು ಹೊತ್ತೂ ನಮ್ಮವರ ಹೆಗಲಿನ ಕ್ಯಾಮೆರಾವನ್ನೇ ನೋಡುತ್ತಿದ್ದರು. ನಮ್ಮವರು ಅದನ್ನು ತೆಗೆದು ಚೀಲದೊಳಗೆ ಇಟ್ಟರು.

ನನ್ನನ್ನು ಅವರ ಹೆಂಡತಿ ಮಹಬೂಬಿ ಒಳಗೆ ಕರೆದರು. ಚಹಾ ಕುದಿಯುವಷ್ಟರಲ್ಲಿ ನನಗೆ ಇನ್ನೊಂದು ವಿಷಯ ತಿಳಿಯಿತು. ಫೋಟೊ ಬಂದ ದಿನದಿಂದ ಊರಿನ ಹೆಂಗಸರು ನಸುಕಿನಲ್ಲಿ ಹಳ್ಳದ ಕಡೆ ಹೋಗುವುದನ್ನು ಬಿಟ್ಟಿದ್ದಾರೆ. ಬೆಳಕು ಹರಿದ ಮೇಲೆ ಹೋಗುವಂತಿಲ್ಲ, ಗಂಡಸರ ಕಣ್ಣು. ಮನೆಯಲ್ಲಿ ಸಂಡಾಸು ಯಾರಿಗಿದೆ? ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. ಎಲ್ಲರಿಗೂ ಹೊಟ್ಟೆನೋವು, ಉರಿಮೂತ್ರ. ಆ ವಾರ ನನ್ನ ಅಂಗಡಿಯಲ್ಲಿ ಉರಿಮೂತ್ರದ ಮಾತ್ರೆಗಳು ಯಾಕೆ ಅಷ್ಟು ಖರ್ಚಾದವು ಎಂಬುದು ನನಗೆ ಆಗ ಹೊಳೆಯಿತು. ತೋಳಕ್ಕಿಂತ ಮೊದಲೇ ಕತ್ತಲಲ್ಲಿ ಹಳ್ಳಕ್ಕೆ ಹೋಗಬೇಕಾದ ಸ್ಥಿತಿ ಇತ್ತಲ್ಲ, ಅದು ಯಾವ ಪೇಪರಿನಲ್ಲೂ ಫೋಟೊ ಆಗಿರಲಿಲ್ಲ.

ಹೊರಗೆ ಬರುವಷ್ಟರಲ್ಲಿ ಮಂದಿ ಸೇರಿದ್ದರು. ಗುರುಲಿಂಗಪ್ಪನವರೂ ಬಂದಿದ್ದರು. ಅವರನ್ನು ಬೈಯುವ ಮನಸ್ಸಿನಿಂದಲೇ ನಾನು ಹೊರಗೆ ಬಂದಿದ್ದೆ. ಅವರ ಮೊದಲ ಮಾತಿಗೇ ಅದು ಅರ್ಧವಾಯಿತು.

"ನಮ್ಮ ಹೆಣಮಕ್ಕಳು ವಾರಾತು ಸರಿಯಾಗಿ ನೀರು ಕುಡದಿಲ್ರಿ. ನೀವು ಪೇಪರಿನ್ಯಾಗ ಹಾಕಿ ಆರಾಮ ಕುಂತ್ರಿ. ನಾವೇನ ಮಾಡಬೇಕಿತ್ತು?"

ನಮ್ಮವರು ಚೀಲದಿಂದ ಪ್ರಿಂಟ್ ತೆಗೆದು ಕೊಟ್ಟರು.

ಅದು ಕೈಯಿಂದ ಕೈಗೆ ಹೋಯಿತು. ರಾಜೇಸಾಬರ ತಾಯಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಕುರಿಯವನ ಮೇಲೆ ಬೆರಳಿಟ್ಟು, "ಇಂವಾ ರೊಟ್ಟಿ ತಿನ್ನಾಕತ್ತಾನ" ಎಂದರು. ಆಮೇಲೆ, "ನಾಯಿ ಮಲಕೊಂಡೈತಿ." ಯಾರೋ ತೋಳ ಇಷ್ಟೇ ಸಣ್ಣದೇ ಎಂದರು. ಇನ್ಯಾರೋ ರಕ್ತ ಎಲ್ಲಿ ಎಂದು ಹುಡುಕಿ, ರುಮಾಲು ಕಂಡು ನಕ್ಕರು. ಒಂದು ವಾರದ ಭಯ ಒಂದು ರೊಟ್ಟಿಯ ಮುಂದೆ ಇಳಿಯುತ್ತಿತ್ತು. ಗೆದ್ದೆವು ಅಂದುಕೊಂಡೆ.

ಆಗ ಗುರುಲಿಂಗಪ್ಪನವರು ಪ್ರಿಂಟಿನ ಮೇಲ್ಭಾಗವನ್ನು ಬಿಸಿಲಿಗೆ ಹಿಡಿದರು.

"ಇಲ್ಲಿ ಯಾಕ ಮಬ್ಬ ಐತಿ? ಏನ ಮುಚ್ಚೀರಿ?"

ಮತ್ತೆ ಎಲ್ಲರ ಮುಖ ಬದಲಾಯಿತು. ಮುಚ್ಚಿದ್ದು ನಮ್ಮೂರ ನೀರಿನ ಟಾಕಿಯೇ ಎಂದು ಹಿಂದಿನಿಂದ ಒಬ್ಬರು ಅಂದರು. ಹಾಗಿದ್ದರೆ ಈ ಕುರಿಯವನನ್ನು ಆಮೇಲೆ ಅಂಟಿಸಿರಬಹುದು ಎಂದು ಇನ್ನೊಬ್ಬರು. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡುತ್ತಾರಂತೆ ಎಂಬುದು ಅಲ್ಲಿಗೂ ಮುಟ್ಟಿತ್ತು. ತಪ್ಪೇನಿಲ್ಲ. ಒಮ್ಮೆ ತಿದ್ದಿದ್ದಾನೆ ಎಂದು ಗೊತ್ತಾದ ಮೇಲೆ ತಿದ್ದದೆ ಬಿಟ್ಟದ್ದನ್ನು ಯಾಕೆ ನಂಬಬೇಕು?

ನಮ್ಮವರು ಸುಳ್ಳು ಹೇಳಲಿಲ್ಲ. ಹೌದು, ಬೇಕಂತಲೇ ಮುಚ್ಚಿದ್ದೇನೆ, ಅಲ್ಲಿ ಮರಿಗಳಿವೆ, ಜಾಗ ಗೊತ್ತಾದರೆ ಹೊಗೆ ಹಾಕಿ ಕೊಲ್ಲುತ್ತಾರೆ ಎಂದರು.

"ಕೊಲ್ಲಲಿ ಬಿಡ್ರಿ. ನಿಮಗೇನು?"

ಪರಿಸರ, ಸಮತೋಲನ ಎಂದು ಶಾಲೆಯ ಭಾಷಣದಲ್ಲಿ ಹೇಳುವುದು ಸುಲಭ. ಎದುರಿಗೆ ನಾಯಿಯನ್ನು ಹೂತು ಬಂದವರು ಕೂತಿರುವಾಗ ಆ ಮಾತು ಬಾಯಿಗೆ ಬರುವುದಿಲ್ಲ.

ಕಟ್ಟೆಯಿಂದ ರಾಜೇಸಾಬ್ ಎದ್ದರು. "ಮೂಲದ್ದು ನನಗೊಬ್ಬಂವಗ ತೋರಸ್ರಿ. ನಾ ನೋಡಿ ಹೇಳ್ತೇನಿ" ಎಂದರು. ಊರವರ ಕಡೆ ತಿರುಗಿ, ನನ್ನ ಮಾತು ನಡೆಯುತ್ತದೋ ಇಲ್ಲವೋ ಎಂದು ಕೇಳಿದರು. ಯಾರೂ ಇಲ್ಲ ಎನ್ನಲಿಲ್ಲ. ನಮ್ಮವರು ನನ್ನನ್ನು ನೋಡಿದರು. ಹೊಗೆ ಹಾಕುವ ಕಾರಣ ಯಾರಿಗಾದರೂ ಇದ್ದರೆ ಅದು ಈ ಮನುಷ್ಯನಿಗೇ. ತೋಳದ ಹೆಸರಿನಲ್ಲಿ ಕಳೆದುಕೊಂಡವರು ಅಲ್ಲಿ ಅವರೊಬ್ಬರೇ. ನಾನು ತಲೆಯಾಡಿಸಿದೆ. ಯಾಕೆ ಎಂದು ಈಗ ಕೇಳಿದರೆ ಗೊತ್ತಿಲ್ಲ.

ಕ್ಯಾಮೆರಾದ ಕಾರ್ಡಿನಲ್ಲಿ ಮೂಲ ಚಿತ್ರ ಇನ್ನೂ ಇತ್ತು. ಇಬ್ಬರೂ ಮನೆಯ ಹಿಂದೆ ಹೋದರು. ಆ ಅಂಗೈಯಗಲದ ಪರದೆಯಲ್ಲಿ ಬುರುಜು ಕಡಲೆಕಾಳಿನಷ್ಟು ಕಂಡಿರಬೇಕು. ಆದರೆ ಬಾಗೇವಾಡಿ ಸಂತೆಗೆ ಆಡು ಹೊಡೆದುಕೊಂಡು ಹೋಗುವವರಿಗೆ ಅಷ್ಟು ಸಾಕು.

ರಾಜೇಸಾಬ್ ಬಂದು ಕಟ್ಟೆಯ ಮೇಲೆ ಕೂತರು.

"ನಮ್ಮೂರಲ್ಲ" ಎಂದರು.

ಹಾಗಾದರೆ ಯಾವ ಊರು ಎಂದು ಗುರುಲಿಂಗಪ್ಪನವರು ಕೇಳಿದರು.

"ನಮ್ಮೂರಲ್ಲ ಅಂದ್ನೆಲ್ಲ."

ಅಷ್ಟೇ. ಊರು ಆ ಮಾತನ್ನು ತೆಗೆದುಕೊಂಡಿತು. ಕಂಟಿಯಲ್ಲಿ ಉಳಿದಿದ್ದ ತುಂಡುಗಳನ್ನು ಹುಡುಕಿ ಹೂಳಲು ಗುರುಲಿಂಗಪ್ಪನವರೇ ಸಲಿಕೆ ಹಿಡಿದು ಮುಂದೆ ಹೋದರು. ನಮ್ಮವರೂ ಜೊತೆಗೆ ಹೋದರು. ಮರುದಿನ ನಸುಕಿನಲ್ಲಿ ಹೆಂಗಸರು ಹಳ್ಳಕ್ಕೆ ಹೋದರಂತೆ, ನಾಲ್ಕು ಮಂದಿ ಕೂಡಿ, ಕೈಯಲ್ಲಿ ಕೋಲು ಹಿಡಿದು.

ಸಿಂದಗಿಗೆ ವಾಪಸಾದೆವು. ಮನೆಯ ಮುಂದೆ ಬೈಕ್ ನಿಲ್ಲಿಸಿ ನಮ್ಮವರು, "ಮುಚ್ಚೂದು ತಪ್ಪಲ್ಲ. ಎಷ್ಟು ಮುಚ್ಚಬೇಕು ಅನ್ನೂದು ನೋಡಬೇಕಿತ್ತು" ಎಂದರು. ನಾಯಿಯ ಮಾತು ಎತ್ತಲಿಲ್ಲ. ಆದರೆ ಆವತ್ತಿನಿಂದ ಇವತ್ತಿನವರೆಗೆ ಫೋಟೊ ತಿದ್ದಲು ಕೂತಿಲ್ಲ.

ಇದು ಬರೀ ತೋಳದ ಕಥೆಯೇ? ವರನ ಫೋಟೊ ತೆಗೆಸುವಾಗ ಸ್ಟುಡಿಯೊದಲ್ಲಿ ಹಿಂದೆ ಗುಲಾಬಿ ತೋಟದ ಪರದೆ ಬಿಡುತ್ತೇವೆ. ಸೊಸೆ ಎದುರು ಮಾತಾಡಿದಳು ಎಂದು ಓಣಿಗೆಲ್ಲ ಹೇಳುತ್ತೇವೆ, ಅದಕ್ಕೂ ಮೊದಲು ಅತ್ತೆ ಏನಂದರು ಎಂಬುದನ್ನು ಮಬ್ಬು ಮಾಡುತ್ತೇವೆ. ಒಬ್ಬನನ್ನು ಅವನು ನಿಂತ ನೆಲದಿಂದ ಎತ್ತಿ ತೋರಿಸಿದರೆ ಯಾರು ಬೇಕಾದರೂ ತೋಳವಾಗುತ್ತಾರೆ. (ಉಪದೇಶ ಮುಗಿಯಿತು. ನನ್ನ ಅಂಗಡಿಯಲ್ಲಿ ಅದು ಮಾರುವುದಿಲ್ಲ.)

ಮೊನ್ನೆ ರಾಜೇಸಾಬ್ ಬಂದಿದ್ದರು. ತಾಯಿಗೆ ಕೆಮ್ಮು. ಊರಲ್ಲಿ ಇನ್ನೂ ಕೇಳುತ್ತಾರಾ ಎಂದೆ. ದಿನಾ ಕೇಳುತ್ತಾರಂತೆ, ಮನೆಯಲ್ಲಿ ಮಹಬೂಬಿಯೂ ಕೇಳುತ್ತಾರಂತೆ. ಒಮ್ಮೆಯಾದರೂ ಹೇಳಬೇಕು ಅನ್ನಿಸಲಿಲ್ಲವೇ ಎಂದು ಕೇಳಿದೆ. ಅವರು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು.

"ಹೇಳಿದ್ರ ಅಲ್ಲೀನೂ ವಿಷ ಇಡ್ತಾರ್ರಿ. ಫೋಟೊದಾಗ ಎರಡು ನಾಯಿ ಅದಾವಲ್ಲ."

ಇನ್ನು ಹೊಸ ಫೋಟೊ. ಮೊದಲನೆಯದು ತಪ್ಪು ಅರ್ಥ ಕೊಟ್ಟಿದೆ, ಇದನ್ನೂ ಹಾಕಿ ಎಂದು ನಮ್ಮವರು ಅದೇ ಪತ್ರಿಕೆಗೆ ಕಳಿಸಿದ್ದರು. ನಿನ್ನೆ ಅಲ್ಲಿಂದ ಫೋನ್ ಬಂತು. ಬಹಳ ಮರ್ಯಾದೆಯಿಂದ ಮಾತಾಡಿದರು. ಫೋಟೊ ಚೆನ್ನಾಗಿದೆ, ಆದರೆ ತೋಳ ಸಣ್ಣದಾಗಿ ಕಾಣುತ್ತದೆ, ಮೊದಲಿನಂಥದ್ದು ಇನ್ನೊಂದಿದ್ದರೆ ಕಳಿಸಿ ಎಂದರು.

ಪೇಪರಿನವರನ್ನು ಬೈದು ಏನು ಪ್ರಯೋಜನ? ಹೆದರಿಸದ ತೋಳದ ಫೋಟೊವನ್ನು ನೀವಾದರೂ ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದಿರಾ?